ಖಾಲಿ ಜೀನಿನ ಎರಡು ಹೇಸರಗತ್ತೆಗಳು

ವರ್ನಾ ಸ್ಕಾಗನ್ ಜೊತೆ ಬೇಟೆಗೆ ಹೋಗಬೇಕೆಂದು ಬಂದವರು ಮೊದಲು ತಮ್ಮ ಬಂದೂಕಿನ ಬಗ್ಗೆ ಮಾತು ತೆಗೆಯುತ್ತಿದ್ದರು. ಅವಳು ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಒಳಗೆ ಹೋಗೋದು ಏನ್ ದೊಡ್ಡ ವಿಷಯ? ಹೊಡೆದದ್ದನ್ನ ಆಚೆ ತರೋದು ಹೇಗೆ, ಅದನ್ನ ಹೇಳಿ ಮೊದಲು" ಎನ್ನುವಳು. ಅಮೆರಿಕದ ಮೊಂಟಾನಾದ ಆ ಬೆಟ್ಟಸಾಲಿನ ಒಳಗೆ ರಸ್ತೆಯಿಲ್ಲ. ಗಾಲಿಯಿರುವ ಯಾವುದನ್ನೂ, ಕೈಗಾಡಿಯನ್ನು ಸಹ, ಒಯ್ಯಲು ಕಾನೂನು ಬಿಡುವುದಿಲ್ಲ. ಗಂಡು ಎಲ್ಕ್ ಎಂದರೆ ಕುದುರೆಯಷ್ಟು ಮೈಯಿರುವ ಜಿಂಕೆ. ಒಂದು ಬಿದ್ದರೆ ಅದನ್ನು ನಾಲ್ಕು ಪಾಲು ಮಾಡಿ ಹೊರಲು ಎರಡು ಹೇಸರಗತ್ತೆ ಬೇಕು. ಬೆನ್ನಿಗೆ ಚೀಲ ಏರಿಸಿಕೊಂಡು ನಡೆದೇ ಹೋಗುತ್ತೇವೆ ಎಂದ ಎಷ್ಟೋ ಶೂರರು ಮೂರನೇ ದಿನ ಸೊಂಟ ಹಿಡಿದುಕೊಂಡು ವಾಪಸಾದದ್ದನ್ನು ಅವಳು ನೋಡಿದ್ದಳು. ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಟ್ಟು ಬಂದವರನ್ನು ಮಾತ್ರ ಮತ್ತೆ ತನ್ನ ಅಂಗಳಕ್ಕೆ ಸೇರಿಸುತ್ತಿರಲಿಲ್ಲ.

ಬೇಟೆಗಾರರನ್ನು ಹೇಸರಗತ್ತೆಗಳೊಂದಿಗೆ ಬೆಟ್ಟಕ್ಕೆ ಕರೆದೊಯ್ಯುವುದು, ಮೂವತ್ತೆಂಟು ವರ್ಷ ಇದೇ ಕೆಲಸ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಮನೇಲಿ ಹನ್ನೊಂದು ಹೇಸರಗತ್ತೆ ಇವೆ, ಹನ್ನೆರಡನೇದು ಯಾಕೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಹೇರು ಕಟ್ಟುವುದನ್ನು ಕಲಿಸಿದವನು ಅಣ್ಣ ಆರಿನ್. ಎರಡೂ ಮಗ್ಗುಲ ಚೀಲಗಳನ್ನು ಕೈಯಲ್ಲೇ ತೂಗಿ ನೋಡಿ, ಹಗುರವಾದ ಕಡೆಗೆ ಒಂದು ಕಲ್ಲು ಹಾಕುವುದನ್ನು ಅವಳು ಅವನಿಂದಲೇ ಕಲಿತಳು.

ಆ ಆರಿನ್‌ಗೆ ಈಗ ಎಪ್ಪತ್ತೆರಡು. ನಾಲ್ಕು ವರ್ಷದಿಂದ ಕೈನಡುಕದ ಕಾಯಿಲೆ. ಸೂಪು ಬಾಯಿಗೆ ಹೋಗುವುದರೊಳಗೆ ಅರ್ಧ ಅಂಗಿಗೆ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಊಟದ ಮೇಜಿನಲ್ಲಿ, "ಈ ಸಲ ನನ್ನನ್ನ ಹಳ್ಳದ ಬಿಡಾರಕ್ಕೆ ಕರ್ಕೊಂಡು ಹೋಗು ವರ್ನಾ. ಮುಂದಿನ ವರ್ಷ ಆಗಲ್ಲ" ಎಂದ. ಹನ್ನೆರಡನೇ ವಯಸ್ಸಿನಲ್ಲಿ ಅವನು ಮೊದಲ ಎಲ್ಕ್ ಹೊಡೆದದ್ದು ಆ ಬಿಡಾರದ ಹತ್ತಿರ.

ಅವನ ಮಗಳು ಡಿಯಾನ್ ಗಾಬರಿಯಾದಳು. "ಅಪ್ಪಾ, ಹದಿನೆಂಟು ಮೈಲಿ! ಪುಟ್ಟ ವಿಮಾನದಲ್ಲಿ ಹೋಗಿ. ಅರ್ಧ ಗಂಟೆ ಕೆಲಸ."

"ಒಳಗೆ ವಿಮಾನ ಇಳಿಸೋಕೆ ಬಿಡೋದು ಒಂದೇ ಹಳೇ ಬಯಲಲ್ಲಿ, ಅಲ್ಲಿಂದ ಬಿಡಾರ ಒಂಬತ್ತು ಮೈಲಿ. ಆ ಒಂಬತ್ತು ಮೈಲಿ ನೀನು ನನ್ನನ್ನ ಹೊತ್ಕೊಂಡು ಹೋಗ್ತೀಯೇನೇ?" ಎಂದ ಆರಿನ್.

"ಕುದುರೆ ಮೇಲಾದ್ರೆ ಬಿದ್ದುಬಿಡ್ತಾರೆ. ಅತ್ತೆ, ನೀವಾದ್ರೂ ಹೇಳಿ."

ವರ್ನಾ ಬೇಡವೆನ್ನಲಿಲ್ಲ. ಕುದುರೆ ಬೇಡ, ಪಾಲಿ ಇದೆ ಎಂದಳು. ಪಾಲಿ ಅಗಲ ಬೆನ್ನಿನ ಮುದಿ ಹೇಸರಗತ್ತೆ. ಇಳಿಜಾರಿನಲ್ಲೂ ಹೆಜ್ಜೆ ತಪ್ಪುವಂಥದ್ದಲ್ಲ. ಅದರ ಜೀನಿಗೆ ಬೆನ್ನಾನಿಕೆ ಹೊಲಿಸಿ, ಎರಡು ವಾರ ಅಣ್ಣನನ್ನು ಅಂಗಳದಲ್ಲೇ ಸುತ್ತಾಡಿಸಿದಳು. ಅವನು ಬೀಳಲಿಲ್ಲ.

ಅಕ್ಟೋಬರ್‌ನ ಒಂದು ಬೆಳಿಗ್ಗೆ, ರಸ್ತೆ ಮುಗಿಯುವ ಬಯಲಿನಲ್ಲಿ ವರ್ನಾ ಪ್ರಾಣಿಗಳನ್ನು ಇಳಿಸಿದಳು. ಅವಳ ಕುದುರೆ, ಆರಿನ್‌ಗೆ ಪಾಲಿ, ಸಾಮಾನಿಗೆ ಡಚ್ ಎಂಬ ಇನ್ನೊಂದು ಹೇಸರಗತ್ತೆ. ಆರಿನ್ ಪಿಕಪ್‌ನಲ್ಲಿ ಕೂತು ನೋಡುತ್ತಿದ್ದ. ಅವಳು ಟ್ರೈಲರ್ ಬಾಗಿಲು ಮುಚ್ಚಿದಾಗ ಕೇಳಿದ:

"ಮಿಕ್ಕವು?"

"ಮಿಕ್ಕವು ಯಾವುವು?"

"ಮಾಂಸ ಹೊರೋ ಎರಡು."

ವರ್ನಾ ಹಗ್ಗ ಸುತ್ತುತ್ತಾ ನಿಂತಳು. "ಪ್ರಾಣಿ ಕಮ್ಮಿ ಇದ್ರೆ ನಿನ್ನ ಕಡೆ ಗಮನ ಕೊಡಬಹುದು ಅಂತ..."

"ನಾನು ಹೊಡೆಯಲ್ಲ ಅಂತ ನೀನೇ ತೀರ್ಮಾನ ಮಾಡಿಬಿಟ್ಟೆ" ಎಂದ ಆರಿನ್. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಅವಳಿಗೆ ಎಷ್ಟೋ ಸುಲಭವಿತ್ತು. "ಹಾಗಾದ್ರೆ ಇದು ಬೇಟೆ ಅಲ್ಲ ಕಣೇ. ರೋಗಿಗೆ ಗಾಳಿ ಕುಡಿಸೋಕೆ ಕರ್ಕೊಂಡು ಹೋಗ್ತಿದ್ದೀಯ."

ವರ್ನಾಗೆ ನಾಚಿಕೆಯಿಂದ ಮುಖ ಸುಟ್ಟ ಹಾಗಾಯಿತು. ಯಾರೋ ಪಟ್ಟಣದವರು ಬಂದಿದ್ದರೂ, ನೆಟ್ಟಗೆ ಬಂದೂಕು ಹಿಡಿಯಲು ಬಾರದವರಾಗಿದ್ದರೂ, ಅವರ ಹೆಸರಿನಲ್ಲಿ ಖಾಲಿ ಜೀನಿನ ಎರಡು ಹೇಸರಗತ್ತೆಗಳು ತಪ್ಪದೆ ಹೊರಡುತ್ತಿದ್ದವು. ಸ್ವಂತ ಅಣ್ಣನಿಗೆ ಅಷ್ಟೂ ಮಾಡಿರಲಿಲ್ಲ. ಅವಳು ಕುದುರೆ, ಪಾಲಿ, ಡಚ್ ಮೂರನ್ನೂ ಮರಕ್ಕೆ ಕಟ್ಟಿದಳು. ಅಣ್ಣನನ್ನು ಬಿಸಿಲಿಗೆ ಕೂರಿಸಿ, ಕಂಬಳಿ ಹೊದಿಸಿ, ಫ್ಲಾಸ್ಕು ಪಕ್ಕಕ್ಕಿಟ್ಟು, ನಲವತ್ತು ಮೈಲಿ ವಾಪಸು ಹೋದಳು. ಬಿಷಪ್ ಮತ್ತು ಜೂನಿ ಎಂಬ ಎರಡು ಹೇಸರಗತ್ತೆಗಳನ್ನು ತರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಆರಿನ್ ಕೂತಲ್ಲೇ ಕೂತಿದ್ದ. ಖಾಲಿ ಜೀನುಗಳ ಪಟ್ಟಿಯನ್ನು ಒಂದೊಂದಾಗಿ ಎಳೆದು ನೋಡಿ, "ಈಗ ನಡಿ" ಎಂದ.

ಆ ಸಂಜೆ ದಾರಿಯಲ್ಲೇ ತಂಗಿ, ಮರುದಿನ ಬಿಡಾರ ಸೇರಿದರು. ನಾಲ್ಕನೇ ಬೆಳಿಗ್ಗೆ ಹಳ್ಳದಾಚೆಯ ಹುಲ್ಲಿಗೆ ಗಂಡು ಎಲ್ಕ್ ಬಂದು ನಿಂತಿತು. ನೂರೈವತ್ತು ಗಜ ಇದ್ದೀತು. ಆರಿನ್ ಬಿದ್ದ ಮರದ ಮೇಲೆ ಬಂದೂಕಿಟ್ಟು, ಅದಕ್ಕೆ ಕೆನ್ನೆ ಒತ್ತಿದ. ನಳಿಗೆ ನಡುಗಿತು, ನಿಂತಿತು, ಮತ್ತೆ ನಡುಗಿತು. ಎಷ್ಟೋ ಹೊತ್ತಾದ ಮೇಲೆ ಅವನು ಬೆರಳು ಆಚೆ ತೆಗೆದ.

"ಹೊಡಿ ಆರಿನ್" ಎಂದು ಪಿಸುಗುಟ್ಟಿದಳು. "ಹೊರೋಕೆ ಎರಡೂ ಬಂದಿವೆ."

"ಹತ್ತು ಸಲ ಹೊಡೆದ್ರೆ ಆರು ಸಲ ಬೀಳುತ್ತೆ. ನಾಲ್ಕು ಸಲ ಹೊಟ್ಟೆಗೆ ಗುಂಡು ತಿಂದು, ಎಲ್ಲೋ ಹೋಗಿ ಒದ್ದಾಡಿ ಸಾಯುತ್ತೆ. ಬೇಡ." ಬಂದೂಕಿನಿಂದ ಗುಂಡು ತೆಗೆದು ಅವಳ ಅಂಗೈಗೆ ಹಾಕಿದ. "ಅವೆರಡನ್ನ ನೀನು ತಂದಿದ್ದಕ್ಕೇ ನನಗೆ ಬೇಡ ಅನ್ನೋಕಾಯ್ತು. ಇಲ್ದಿದ್ರೆ ಆ ಬೇಡ ಅನ್ನೋ ಮಾತನ್ನ ನನ್ನ ಬದಲು ನೀನೇ ಆವತ್ತು ಹೇಳಿ ಆಗಿತ್ತು."

ವರ್ನಾ ಅತ್ತಳು. ಎಲ್ಕ್ ಹೊಟ್ಟೆ ತುಂಬ ಮೇದು, ಅವಸರವಿಲ್ಲದೆ ಮರಗಳ ನಡುವೆ ಹೋಯಿತು.

ಹಿಂದಿರುಗಿ ಬಯಲು ಕಾಣುವಷ್ಟು ಹತ್ತಿರ ಬಂದಾಗ ಲೈಲ್ ಎದುರಾದ. ಅವನೂ ಇದೇ ಕಸುಬಿನವನು, ಅವಳ ಕಾಲೆಳೆಯುವುದನ್ನು ಎಂದೂ ಬಿಟ್ಟವನಲ್ಲ. "ಏನ್ ವರ್ನಾ, ಎರಡು ಖಾಲಿ ಜೀನು ಮೆರವಣಿಗೆ ಮಾಡಿಸ್ಕೊಂಡು ಬಂದ್ಯಾ?"

ಬೇರೆ ದಿನವಾಗಿದ್ದರೆ ಅವಳು ಒಂದಕ್ಕೆ ಎರಡು ಕೊಡುತ್ತಿದ್ದಳು. "ಎಲ್ಕ್ ಎದುರಿಗೇ ನಿಂತಿತ್ತು ಲೈಲ್. ಆರಿನ್ ಬೇಡ ಅಂತ ಬಿಟ್ಟ. ಹೊಡೆದಿದ್ರೆ ತರೋಕೆ ನಾನು ತಯಾರಾಗೇ ಹೋಗಿದ್ದೆ."

ಲೈಲ್ ಆರಿನ್‌ನ ಕೈ ನೋಡಿದ, ಟೋಪಿ ತೆಗೆದ.

"ವರ್ನಾ, ನನ್ನನ್ನ ಇಳಿಸು" ಎಂದ ಆರಿನ್. ಇಳಿಸಿದಳು. ಅವನು ಸ್ವಲ್ಪ ಹೊತ್ತು ಪಾಲಿಯ ಕುತ್ತಿಗೆಗೆ ಒರಗಿ ನಿಂತು ಕಾಲು ಸರಿಮಾಡಿಕೊಂಡ. ಆಮೇಲೆ ಹಿಂದಕ್ಕೆ ಹೋಗಿ ಖಾಲಿ ಜೀನಿನ ಬಿಷಪ್‌ನ ಹಗ್ಗ ಹಿಡಿದು ಪಿಕಪ್‌ನ ಕಡೆ ಹೊರಟ. ಇನ್ನೂರು ಹೆಜ್ಜೆ ಇತ್ತು. ಹಗ್ಗ ಅವನ ಕೈಯಲ್ಲಿ ಒಂದೇ ಸಮ ನಡುಗುತ್ತಿತ್ತು. ಬಿಷಪ್ ಅದಕ್ಕೆ ತಲೆ ಕೆಡಿಸಿಕೊಳ್ಳದೆ, ತನ್ನ ಜೀನಿಗೆ ಕಟ್ಟಿದ್ದ ಜೂನಿಯನ್ನೂ ಎಳೆದುಕೊಂಡು, ಅವನ ಹಿಂದೆ ಅವನ ನಡಿಗೆಗೆ ತಕ್ಕಂತೆ ನಿಧಾನವಾಗಿ ನಡೆಯಿತು.