ಅತ್ತೆಯ ಗುಳಿಗೆ

ಮೊದಲು ಬಂದದ್ದು ಸೊಂಟನೋವು. ತಾಂಬಾದ ಶಾಲೆಯಲ್ಲಿ ನಾನು ಕನ್ನಡ ಟೀಚರ್. ಇಂಡಿಯ ಮನೆಯಿಂದ ದಿನಾ ಬಸ್ಸು. ಒಂದು ಮುಂಜಾನೆ ಬಸ್ಸು ತಗ್ಗಿಗೆ ಬಿದ್ದಾಗ ಸೊಂಟದಲ್ಲಿ ಚಳಕ್ ಎಂದಿತು. ಸೀಟಿನಿಂದ ಏಳಲಾಗಲಿಲ್ಲ. ಸ್ಲಿಪ್ ಡಿಸ್ಕ್. ವಿಜಯಪುರದ ಡಾಕ್ಟರು ಐದು ದಿನಕ್ಕೆ ಟ್ರಮಡಾಲ್ ಎಂಬ ನೋವಿನ ಗುಳಿಗೆ ಬರೆದರು.

ಐದು ದಿನ ಹದಿನಾಲ್ಕು ತಿಂಗಳಾಯಿತು.

ಆ ಗುಳಿಗೆ ನೋವನ್ನಷ್ಟೇ ತೆಗೆಯಲಿಲ್ಲ. ಅಡುಗೆ, ಶಾಲೆ, ತಿದ್ದದೆ ಉಳಿದ ಪೇಪರು, ಎಲ್ಲವನ್ನೂ ಹಗುರ ಮಾಡಿತು. ತಪ್ಪಿಸಿದ ದಿನ ಮೈಯೆಲ್ಲ ಮುಳ್ಳು, ಮೂಗು ಸೋರುವುದು, ಭೇದಿ. ನೋವು ಮರಳಿತೆಂದು ನನಗೆ ನಾನೇ ಹೇಳಿಕೊಂಡೆ. ಮೆಡಿಕಲ್‌ನವರು ನಗುತ್ತಿದ್ದರು: "ನೀವು ಟೀಚರ್ ಅದೀರಿ, ನಿಮಗ್ಯಾಕ್ರಿ ಚೀಟಿ?" ಅವರೂ ಒಂದು ದಿನ ಇಲ್ಲವೆಂದಾಗ ಭಾನುವಾರಕ್ಕೊಂದು ಊರು ಹಿಡಿದೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಮನೆಯಲ್ಲಿ ಹೇಳಿದ್ದು ಟ್ರೇನಿಂಗ್.

ಆಗಲೇ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಮುರಿದು ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಅವರಿಗೆ ಬರೆದುಕೊಟ್ಟದ್ದೂ ಅದೇ ಗುಳಿಗೆ. ಕೊಡುವ ಕೆಲಸ ನನ್ನದು.

ಅವರ ಗುಳಿಗೆ ನಾನು ನುಂಗಿದೆ. ಅವರಿಗೆ ಕ್ಯಾಲ್ಸಿಯಂ ಕೊಟ್ಟೆ.

ನಾಲ್ಕು ದಿನ ಅತ್ತೆ ನರಳಿದರು. ನಾನು ಪಕ್ಕದಲ್ಲೇ ಕೂತು, ಆರಾಮಾಗಿ, ಅವರ ಹಣೆ ಒರೆಸಿದೆ. ಗಂಡ ಫೋನ್ ಮಾಡಿದಾಗ ಡಾಕ್ಟರು, ಆ ಗುಳಿಗೆ ತಗೊಂಡರೆ ಇಷ್ಟು ನೋವು ಇರಬಾರದು ಅಂದರಂತೆ. ಐದನೆಯ ದಿನ ಅತ್ತೆಗೆ ಗುಳಿಗೆ ಕೊಡಹೋದಾಗ ಗಂಡ ನನ್ನ ಅಂಗೈ ಹಿಡಿದು ನೋಡಿದರು.

"ಇದ್ಯಾವ ಗುಳಿಗಿ?"

ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಮಲಗಿದಲ್ಲಿಂದಲೇ ಮಗನಿಗೆ ಅಂದರು: "ಆಕಿನ್ನೇನ್ ಕೇಳ್ತಿ? ದವಾಖಾನ್ಯಾಗ ಕೊಟ್ಟ ಗುಳಿಗಿ ಹಿಂಗಿರಲಿಲ್ಲ. ನನಗ ಎರಡನೇ ದಿನಕ್ಕ ಗೊತ್ತಾಗೇತಿ. ಇವತ್ತರ ನಾಚಿಕಿ ಬಂದು ಖರೇದ್ದು ಕೊಡ್ತಾಳೇನು ಅಂತ ನೋಡಾಕತ್ತಿದ್ನಿ."

ಗುಳಿಗೆ ಬಿಡಲು ಆಸ್ಪತ್ರೆಯ ಸೈಕಿಯಾಟ್ರಿ ವಾರ್ಡ್‌ನಲ್ಲಿ ಹನ್ನೆರಡು ದಿನ ಇದ್ದೆ. ಕಾಲುಗಳು ತಾವೇ ಒದೆಯುತ್ತಿದ್ದವು. ಡಾಕ್ಟರಮ್ಮ ಹೇಳಿದರು, "ಇದು ಕಾಯಿಲೆ ಐತ್ರಿ. ನಿಮ್ಮ ಗುಣ ಅಲ್ಲ." ಆ ಮಾತನ್ನು ಹಿಡಿದುಕೊಂಡು ಮನೆಗೆ ಬಂದು ಅತ್ತೆಗೂ ಹೇಳಿದೆ.

"ಇರಬೌದವ್ವ. ಆ ನಾಕ್ ದಿನ ನರಳಿದಾಕಿ ನಾನು."

ಐದು ದಿನ ದಾಟಿದರೆ ಏನಾಗುತ್ತದೆಂದು ಬಿಡಿಸಿ ಹೇಳದ ಡಾಕ್ಟರ ಮೇಲೆ, ಚೀಟಿ ಕೇಳದ ಅಂಗಡಿಯವರ ಮೇಲೆ ಸಿಟ್ಟಿದೆ. ಆದರೆ ಕ್ಯಾಲ್ಸಿಯಂ ಕೊಟ್ಟ ಕೈ ಅವರದ್ದಲ್ಲ.

ಗುಳಿಗೆ ಬಿಟ್ಟು ಏಳು ತಿಂಗಳಾಯಿತು. ಸೊಂಟ ನೋಯುತ್ತದೆ, ಫಿಸಿಯೋಥೆರಪಿ ನಡೆದಿದೆ. ಮನೆಯ ಔಷಧವೆಲ್ಲ ಗಂಡನ ಕಪಾಟಿನಲ್ಲಿ, ಕೀಲಿ ಹಾಕಿ. ಹೋದ ವಾರ ಅತ್ತೆ ವಾಕರ್ ಪಕ್ಕಕ್ಕಿಟ್ಟು, ನನ್ನನ್ನು ಕರೆದು, ನನ್ನ ಹೆಗಲಿಗೆ ಕೈ ಹಾಕಿ ಅಂಗಳದವರೆಗೆ ನಡೆದರು.

"ಗಟ್ಟಿ ಹಿಡಿ," ಅಂದರು.

ಹಿಡಿದೆ.