ದಾರಿ ಗೊತ್ತಿಲ್ಲದವರು ಮುಂದೆ

ಬೆಳಕು ಇನ್ನೂ ಮರಗಳ ತುದಿಯಿಂದ ಕೆಳಗಿಳಿದಿಲ್ಲ. ಕಾಡಿನಂಚಿನ ಗೇಟಿನ ಬಳಿ ಗೀಟಣ್ಣ ಕಲ್ಲಿನ ಮೇಲೆ ಕೂತು ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬುತ್ತಾರೆ. ಕಡ್ಡಿಯಿಂದ ತಿರುವಿ, ಹೆಬ್ಬೆರಳಿನ ಉಗುರಿಗೆ ಒಂದು ತೊಟ್ಟು ಇಟ್ಟು, ಅದು ಜಾರುತ್ತದೋ ನಿಲ್ಲುತ್ತದೋ ನೋಡುತ್ತಾರೆ. ಪಕ್ಕದಲ್ಲಿ ಅರವತ್ತೆಂಟು ವರ್ಷದ ಅಕ್ಕ ಬೂಟಿನ ಲೇಸನ್ನು ಎರಡನೇ ಸಲ ಬಿಗಿಯುತ್ತಿದ್ದಾರೆ.

"ಊರಲ್ಲಿ ಬೇರೆ ಯಾರೂ ಸಿಗ್ಲಿಲ್ವೇನೋ ನಿಂಗೆ?"

"ಎಲ್ಲರೂ ಮುಗಿದ್ರಕ್ಕ. ನೀನೊಬ್ಳೇ ಬಾಕಿ."

ನೂರಾರು ಕಿಲೋಮೀಟರ್ ಉದ್ದದ ಈ ಚಾರಣದ ಹಾದಿಯಲ್ಲಿ ಏಳು ಕಿಲೋಮೀಟರ್ ಗೀಟಣ್ಣನ ಪಾಲು; ಮರಗಳ ಮೇಲೆ ದಾರಿ ತೋರುವ ಬಿಳಿ ಗೀಟು ಬಳಿಯುವುದು ಅವರ ಕೆಲಸ. ನೂರ ಎಂಬತ್ತು ಮರ. ಹೋಗುವವರಿಗೆ ಒಂದು ಬದಿ, ಬರುವವರಿಗೆ ಇನ್ನೊಂದು ಬದಿ, ತಿರುವು ಹೇಳುವ ಜೋಡಿ ಗೀಟು ಬಿಟ್ಟು, ಒಟ್ಟು ಮುನ್ನೂರ ಅರವತ್ತು ಗೀಟು. ಒಂದೊಂದೂ ಗೇಣುದ್ದ, ನಾಲ್ಕು ಬೆರಳಗಲ. ಒಂದರ ಬಳಿ ನಿಂತರೆ ಮುಂದಿನದು ಕಣ್ಣಿಗೆ ಬೀಳಬೇಕು. ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದವರು, ಇಪ್ಪತ್ತೊಂದು ವರ್ಷದಿಂದ ಈ ಒಂದೇ ಅಕ್ಷರ ಬರೆಯುತ್ತಿದ್ದಾರೆ. ಅಡ್ಡಹೆಸರು ಎಷ್ಟು ಅಂಟಿದೆಯೆಂದರೆ, ನಿಜವಾದ ಹೆಸರು ಕೇಳಿದರೆ ಹೆಂಡತಿಯೂ ಒಂದು ಗಳಿಗೆ ಯೋಚಿಸುತ್ತಾರೆ.

ಗೀಟು ಬಳಿಯುವುದಕ್ಕಿಂತ ಅದನ್ನು ಪರೀಕ್ಷಿಸುವ ಅವರ ಬಗೆ ವಿಶೇಷ. ಎಲೆ ಉದುರುವ ಕಾಲದಲ್ಲಿ, ನೆಲ ಪೂರ್ತಿ ಮುಚ್ಚಿದ ಮೇಲೆ, ಈ ಹಾದಿಯನ್ನು ಎಂದೂ ತುಳಿಯದ ಒಬ್ಬರನ್ನು ಕರೆತಂದು ಮುಂದೆ ಬಿಡುತ್ತಾರೆ. ತಾವು ಇಪ್ಪತ್ತು ಹೆಜ್ಜೆ ಹಿಂದೆ. ಮಾತಾಡುವಂತಿಲ್ಲ, ಕೈ ತೋರಿಸುವಂತಿಲ್ಲ. ಮುಂದಿನವರು ಎಲ್ಲಿ ಅನುಮಾನಿಸಿ ನಿಲ್ಲುತ್ತಾರೋ ಅಲ್ಲಿ ಗೀಟು ಸಾಲದು. ಹೋಗಿ, ಹೋದ ದಾರಿಯಲ್ಲೇ ಮರಳಿದರೆ ಪರೀಕ್ಷೆ ಪೂರ್ತಿ.

"ನಂಗೆ ದಾರಿ ಗೊತ್ತು, ಅದೇ ತೊಂದ್ರೆ. ಗೊತ್ತಿರೋನ ಕಾಲು ತಾನಾಗಿ ಹೋಗುತ್ತೆ. ಗೀಟು ಇದೆಯೋ ಇಲ್ವೋ ಕಣ್ಣು ನೋಡೋದೇ ಇಲ್ಲ" ಎನ್ನುತ್ತಾರೆ.

ಕ್ಷೌರಿಕ ಬಂದಾಯಿತು, ಅಂಚೆಯವರು ಬಂದಾಯಿತು. "ಲೆಕ್ಕದ ಮೇಷ್ಟ್ರು ಎಲ್ಲೂ ನಿಲ್ಲಲೇ ಇಲ್ಲ. ದಾರಿ ತಪ್ಪಿದ್ಮೇಲೂ ನಿಲ್ಲಲಿಲ್ಲ. ಓಡಿ ಹೋಗಿ ಹಿಡ್ಕೊಂಡು ಬರಬೇಕಾಯ್ತು."

ಈ ಬಗೆಯನ್ನು ಅವರಿಗೆ ಕಲಿಸಿದ್ದು ಒಂದು ತಪ್ಪು. ಹದಿನಾರು ವರ್ಷದ ಹಿಂದೆ, ಬೇಸಿಗೆಯಲ್ಲಿ ಗೀಟು ಬಳಿಯುತ್ತ ಒಂದು ಕವಲಿಗೆ ಬಂದರು. ಎಡಕ್ಕೆ ಹೋದರೆ ಹಳೆಯ ಕಲ್ಲುಗಣಿ. ಬಲಕ್ಕೆ ಹಾದಿ, ಸವೆದು ಸವೆದು ಹೊಳೆಯುತ್ತಿತ್ತು. ಇಲ್ಲಿ ಯಾರು ತಪ್ಪುತ್ತಾರೆ ಎಂದುಕೊಂಡು ಗೀಟು ಬಳಿಯದೆ ಮುಂದೆ ನಡೆದರು. ಎಲೆ ಉದುರಿದಾಗ ಎರಡೂ ದಾರಿ ಒಂದೇ ಬಣ್ಣವಾಯಿತು. "ಬಾಮೈದ ಬಳಿದ ದಾರಿ, ನೋಡ್ಕೊಂಡು ಬರ್ತೀನಿ" ಎಂದು ಹೊರಟ ಭಾವ, ಅಕ್ಕನ ಗಂಡ, ಮೂರನೇ ದಿನ ಗಣಿಯ ತಳದಲ್ಲಿ ಸಿಕ್ಕರು.

"ಅಕ್ಕ ಒಂದ್ಮಾತು ಬೈದಿದ್ರೆ ಹಗುರ ಆಗ್ತಿತ್ತು. ಬೈಲಿಲ್ಲ. ತಟ್ಟೆ ಹಾಕಿ ಊಟ ಬಡಿಸಿದ್ಳು."

ಅಕ್ಕ ಬೈಯಲಿಲ್ಲ, ಈ ಕಾಡಿಗೆ ಕಾಲಿಡಲೂ ಇಲ್ಲ. ಕವಲು ಎಲ್ಲಿದೆ ಎಂದು ಕೇಳಿದವರೂ ಅಲ್ಲ. ಗೀಟಣ್ಣನ ಮಂಡಿ ಸೋತಿದೆ, ಇದು ಅವರ ಕೊನೆಯ ವರ್ಷ. ಕೇಳಲು ಬಾಯಿ ಬರದೆ ಹದಿನೈದು ದಿನ ಅಕ್ಕನ ಮನೆ ಬಾಗಿಲಿಗೆ ಹೋಗಿ ಹೋಗಿ ಬಂದಿದ್ದಾರೆ. ಕೊನೆಗೆ, "ಹೋಗೋದಷ್ಟೇ ಅಕ್ಕ, ಬರ್ತಾ ಬಸ್ಸು" ಎಂದು ಒಪ್ಪಿಸಿದ್ದಾರೆ.

"ಆ ಕವಲಲ್ಲಿ ಅವಳು ನಿಂತುಬಿಟ್ರೆ, ನಾನು ಇಷ್ಟು ವರ್ಷ ಬಳಿದಿದ್ದು ಬರೀ ಸುಣ್ಣದ ನೀರು."

ಅಕ್ಕ ನಡೆಯುತ್ತಾರೆ. ಕಾಲಡಿಯಲ್ಲಿ ಎಲೆ ಸರಸರ ಎನ್ನುತ್ತದೆ. ಒಂದು ಕಡೆ ನಿಲ್ಲುತ್ತಾರೆ, ಪಾಚಿ ಗೀಟನ್ನು ನುಂಗಿದೆ. "ಇಲ್ಲಿ ಎತ್ಲಾಗೋ?" ಎಂದು ಹಿಂದೆ ತಿರುಗಿ ಕೇಳುತ್ತಾರೆ. "ಬಾಯಿಗೂ ಬಣ್ಣ ಬಳ್ಕೊಂಡಿದ್ದೀಯಾ?" ಗೀಟಣ್ಣ ತಂತಿ ಬ್ರಷ್ಷಿನಿಂದ ಪಾಚಿ ಕೆರೆದು, ಒರೆಸಿ, ಬಳಿಯುತ್ತಾರೆ. ಮತ್ತೆ ಇಪ್ಪತ್ತು ಹೆಜ್ಜೆ.

ಬಿಸಿಲು ನೆತ್ತಿಗೆ ಬರುವ ಮೊದಲು ಕವಲು ಬರುತ್ತದೆ. ದಪ್ಪ ಕಾಂಡದ ಮರ, ಅದರ ಮೇಲೆ ಒಂದರ ಕೆಳಗೊಂದು ಎರಡು ಗೀಟು; ಬಲಕ್ಕೆ, ಮುಂದಿನ ಮರದಲ್ಲಿ ಇನ್ನೊಂದು. ಹಾದಿ ಯಾವುದು, ಗಣಿಯ ದಾರಿ ಯಾವುದು, ಎಲೆಯ ಹಾಸು ಹೇಳುವುದಿಲ್ಲ. ಅಕ್ಕ ನಿಲ್ಲುತ್ತಾರೆ. ಹಿಂದೆ ಗೀಟಣ್ಣನೂ ನಿಲ್ಲುತ್ತಾರೆ. ಅಕ್ಕ ಬಗ್ಗಿ ಲೇಸು ಕಟ್ಟಿಕೊಳ್ಳುತ್ತಾರೆ, ಏಳುತ್ತಾರೆ, ಮರದತ್ತ ಒಮ್ಮೆ ಕಣ್ಣು ಹಾಯಿಸಿ ಬಲಕ್ಕೆ ನಡೆದು ಹೋಗುತ್ತಾರೆ. ಇಪ್ಪತ್ತು ಹೆಜ್ಜೆ ಮೂವತ್ತಾಗುತ್ತದೆ, ನಲವತ್ತಾಗುತ್ತದೆ. ಗೀಟಣ್ಣ ಮರಕ್ಕೆ ಅಂಗೈ ಊರಿ ಅಲ್ಲೇ ನಿಂತಿದ್ದಾರೆ.

ಹಾದಿಯ ಆ ತುದಿಯಲ್ಲಿ ಒಂದು ಬೆಂಚು. ಫ್ಲಾಸ್ಕಿನ ಚಹಾ ಇಬ್ಬರಿಗೂ ಒಂದೇ ಮುಚ್ಚಳದಲ್ಲಿ. ಅಕ್ಕ ದನಿ ತಗ್ಗಿಸಿ ಕೇಳುತ್ತಾರೆ, "ಆ ಜಾಗ ಇನ್ನೂ ಎಷ್ಟು ದೂರ?"

"ದಾಟಾಯ್ತಕ್ಕ."

"ಯಾವಾಗ?"

"ನೀನು ಲೇಸು ಕಟ್ಕೊಂಡ್ಯಲ್ಲ, ಆಗ."

ಅಕ್ಕ ಬಂದ ದಾರಿಯತ್ತ ತಿರುಗಿ ನೋಡುತ್ತಾರೆ.

"ಇವತ್ತು ಬಂದಿದ್ರೆ ನಿಮ್ಮ ಭಾವಂಗೂ ಕವಲು ದಾಟಿದ್ದೇ ಗೊತ್ತಾಗ್ತಿರ್ಲಿಲ್ಲ."

ಗೀಟಣ್ಣ ಉಗುರಿನ ಮೇಲೆ ಒಣಗಿದ ಬಿಳಿ ಚುಕ್ಕೆಯನ್ನು ಕೆರೆಯುತ್ತ ಕೂತಿದ್ದಾರೆ. ದೂರದಲ್ಲಿ ಬಸ್ಸಿನ ಸದ್ದು ಕೇಳಿಸುತ್ತದೆ. ಅವರು ಡಬ್ಬಿ ಎತ್ತಿಕೊಂಡು ರಸ್ತೆಯ ಕಡೆ ಹೊರಡುತ್ತಾರೆ. ಅಕ್ಕ ಮಾತ್ರ ಮರಗಳ ಕಡೆ ತಿರುಗಿ ನಿಂತಿದ್ದಾರೆ.

"ಬಸ್ಸು ಬೇಡ. ಬರೋರ ಗೀಟು ಯಾರು ನೋಡ್ತಾರೆ? ಬಾ, ಇಪ್ಪತ್ತು ಹೆಜ್ಜೆ ಹಿಂದೆ ಇರು."