ಚಿಲಕ ಹಾಕುವ ದೃಶ್ಯ

ಬೆಟಗೇರಿಯ ನಮ್ಮ ಮಗ್ಗದ ಮನೆಯಲ್ಲಿ ಒಂದು ಕಟ್ಟಳೆ ಇದೆ. ಪಿಕ್ಚರ್ ನೋಡಿ ಬಂದವರು ಅದರ ಕಥೆಯನ್ನು ಕೆಲಸದಲ್ಲಿರುವವರಿಗೆಲ್ಲ ಹೇಳಬೇಕು, ಅದೂ ಕಡೆತನಕ. ಅರ್ಧಕ್ಕೆ ಬಿಟ್ಟರೆ ಮಗ್ಗದಲ್ಲಿ ಎಳೆ ಹರಿಯುತ್ತದೆ ಎಂದು ಅವ್ವನ ನಂಬಿಕೆ. ಕಾಲೇಜಿನಲ್ಲಿ ಪಾಠ ಹೇಳುವ ನಾನೂ ಅದಕ್ಕೆ ಹೊರತಲ್ಲ.

ಲೋಕವೆಲ್ಲ ಹೊಗಳಿದ ಒಂದು ಪರದೇಶದ ಚಿತ್ರವನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ಹೊರಗೆ ಹೋದ ಗಂಡ ಮರಳುವುದಿಲ್ಲ. ಹೆಂಡತಿ ಹುಡುಕುತ್ತಾಳೆ, ಅವನು ಬಂದಾನೆಂದು ಬಾಗಿಲಿಗೆ ಚಿಲಕವನ್ನೇ ಹಾಕುವುದಿಲ್ಲ. ಅವನನ್ನು ಕೊಂದವರು ಯಾರೆಂದು ಕಡೆಗೆ ತಿಳಿಯುತ್ತದೆ. ಆಗ ಅವಳು ಎದ್ದು ಹೋಗಿ ಚಿಲಕ ಹಾಕುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ, ಚಿಲಕದ ಸಪ್ಪಳವಷ್ಟೇ.

ಮರುದಿನ ಕಥೆ ಹೇಳುವಾಗ ಎದುರಿಗೆ ಅವ್ವನ ತಂಗಿ, ನನ್ನ ಚಿಗವ್ವ, ಚರಕದಲ್ಲಿ ನೂಲು ಸುತ್ತುತ್ತಿದ್ದಳು. ಮುಳಗುಂದದ ಮನೆಯಿಂದ ಲಕ್ಷ್ಮೇಶ್ವರದ ಸಂತೆಗೆಂದು ಹೊರಟ ಅವಳ ಗಂಡ ಇಷ್ಟು ವರ್ಷವಾದರೂ ತಿರುಗಿ ಬಂದಿಲ್ಲ. ನಮ್ಮ ಮನೆಗೆ ಬಂದಮೇಲೂ ಅವಳು ದಿನದ ಕಡೆಯ ರೊಟ್ಟಿಯನ್ನು ಅವನ ಪಾಲೆಂದು ಬಟ್ಟೆಯಲ್ಲಿ ಸುತ್ತಿಡುತ್ತಾಳೆ, ಮುಂಜಾನೆ ಆಕಳಿಗೆ ಹಾಕುತ್ತಾಳೆ. ಅಂದು ಚರಕದ ಮೇಲೆ ಅವಳ ಕೈ ನಿಂತೇಬಿಟ್ಟಿತು.

“ಆಮ್ಯಾಲೆ? ಬಂದನೇನ?”

“ಬಂದ. ಬಾಗಲದಾಗ ನಿಂತಿದ್ದ,” ಎಂದೆ. ಸುಳ್ಳು. ಇನ್ನೊಮ್ಮೆ ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ.

ಹೋದ ವರ್ಷ ಅದರದೇ ಕನ್ನಡ ರೀಮೇಕ್ ಗದಗಿನ ಟಾಕೀಜಿಗೆ ಬಂತು. ಚಿಗವ್ವ ಗಂಟುಬಿದ್ದಳು. “ಅದೇ ಕಥಿ ಅಂತಲ್ಲ? ನನ್ನೂ ಕರಕೊಂಡು ಹೋಗವಾ.” ನಾನು ಹೇಳಿದ ನೆವ ಒಂದೂ ನಡೆಯಲಿಲ್ಲ. ಚಿಲಕದ ದೃಶ್ಯ ಬಂದಾಗ ಅವಳ ಮುಖ ಹೇಗೆ ನೋಡಲಿ ಎಂಬ ಹೆದರಿಕೆಯಲ್ಲೇ ಹೋದೆ.

ಅಂಥ ಚಿತ್ರವನ್ನು ಕೆಡಿಸಲಿಕ್ಕೂ ಜಾಣತನ ಬೇಕು. ಗಂಡ ಕಾಣೆಯಾದವಳು ಜರತಾರಿ ಸೀರೆಯುಟ್ಟು ಕುಣಿದಳು. ಪೊಲೀಸಪ್ಪ ನಮ್ಮನ್ನು ನಗಿಸಲೆಂದು ಎರಡೆರಡು ಸಲ ಜಾರಿಬಿದ್ದ. ಕೊಲೆಗಾರ ತನ್ನ ಬಾಲ್ಯದ ಪುರಾಣವನ್ನೆಲ್ಲ ಒದರಿದ. ಕಡೆಗೆ ಅವಳು ಚಿಲಕಕ್ಕೆ ಕೈ ಹಚ್ಚಿದಳು. ನಾನು ಕಣ್ಣು ಮುಚ್ಚಿದೆ. ಕಿವಿ ಹರಿಯುವಂತೆ ಡೋಲು ಮೊಳಗಿತು. ಕಣ್ಣು ತೆರೆದರೆ ಗಂಡ ಬಾಗಿಲು ಒದ್ದು ಒಳಗೆ ಬಂದಿದ್ದ, ತಲೆಯ ಕೂದಲು ಕೂಡ ಕೆದರಿರಲಿಲ್ಲ. ಜನ ಸೀಟಿ ಹೊಡೆದರು. ಚಿತ್ರ ಮಣ್ಣುಗೂಡಿತ್ತು, ನನ್ನ ಸುಳ್ಳು ಉಳಿದಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಮಾಧಾನವಾಯಿತು.

ಮನೆಗೆ ಬಂದು ಚಿಗವ್ವ ರೊಟ್ಟಿ ಬಡಿಯಲು ಕೂತಳು. ನಾನೇ ಮಾತು ತೆಗೆದೆ. “ನೋಡಿದೇನ, ಬಂದನಲ್ಲ?”

“ನೀ ಹೇಳಿದಾಗ ನಂಬಿದ್ದೆ ನೋಡವಾ. ಕಣ್ಣಿಲೆ ನೋಡಿದ ಮ್ಯಾಲೆ ಗೊತ್ತಾತು, ಹಂಗ ಯಾರೂ ಬರೂದಿಲ್ಲ. ನಮ್ಮನ್ನ ಖುಷಿ ಮಾಡಾಕ ಪಿಕ್ಚರಿನವ್ರು ಅವನ್ನ ಕರಕೊಂಡು ಬಂದಾರ.” ಹಂಚಿನ ಮೇಲಿನ ರೊಟ್ಟಿ ಮಗುಚಿ ನನ್ನತ್ತ ತಿರುಗಿದಳು. “ಖರೆ ಹೇಳು. ಆ ಪರದೇಶದ್ದರಾಗ ಬಂದಿದ್ದಿಲ್ಲ, ಹೌದಿಲ್ಲ?”

ಕಥೆಯನ್ನು ಕಡೆತನಕ ಹೇಳಬೇಕು. “ಇಲ್ಲ ಚಿಗವ್ವ. ಆಕಿ ಎದ್ದು ಚಿಲಕ ಹಾಕಿದ್ಲು,” ಎಂದೆ.

“ಹೂಂ,” ಎಂದಳು. ಕಡೆಯ ರೊಟ್ಟಿ ಬೆಂದಿತು. ಸುತ್ತಿಡುವ ಬಟ್ಟೆ ಪಕ್ಕದಲ್ಲೇ ಇತ್ತು. ಚಿಗವ್ವ ಆ ರೊಟ್ಟಿಯನ್ನು ಮುರಿದು ಅರ್ಧವನ್ನು ನನ್ನ ತಾಟಿಗೆ ಹಾಕಿದಳು.

“ತಿನ್ನು, ಬಿಸಿ ಐತಿ.”

ಉಳಿದ ಅರ್ಧವನ್ನು ತಾನು ತಿಂದಳು.